ಮಾರಲು ಹೋಗಿ ಜೀಪು ಹತ್ತಿದ್ದು

ತೀರ್ಮಾನ ತೆಗೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಬಂಗಾರಪೇಟೆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂಬುದು ನನ್ನ ಬಹುಕಾಲದ ನಂಬಿಕೆಯಾಗಿತ್ತು. ನಾನು ಗಣಿತದ ಟೀಚರ್. ಆಂಡರ್ಸನ್‌ಪೇಟೆಯ ಶಾಲೆಯೊಂದರಲ್ಲಿ, ಕಾಣದ ಎಕ್ಸ್ ಅನ್ನು ಕಂಡುಹಿಡಿಯುವುದು ಹೇಗೆಂದು ಮಕ್ಕಳಿಗೆ ಕಲಿಸುತ್ತೇನೆ. ಅಂಥವಳಿಗೆ, ಕಣ್ಣೆದುರೇ ಕೊಟ್ಟಿಗೆಯಲ್ಲಿ ಕೆಟ್ಟು ನಿಂತಿರುವ ಒಂದು ಹಳೇ ಜೀಪನ್ನು ಮಾರಬೇಕೋ ರಿಪೇರಿ ಮಾಡಿಸಬೇಕೋ ಎಂದು ಹೇಳುವುದು ಎಷ್ಟರ ಕೆಲಸ? ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಮಾನಿಸಿಬಿಟ್ಟೆ. ಮಾರುವುದು!

ಆ ಜೀಪು ನನ್ನ ಮಾವ ಮುನಿಸ್ವಾಮಪ್ಪನವರದು. ಮಾವ ನಂದಿದುರ್ಗ ಚಿನ್ನದ ಗಣಿಯಲ್ಲಿ ಡ್ರೈವರ್ ಆಗಿದ್ದರು. ಎಷ್ಟೋ ಕಾಲ ತಾವೇ ಓಡಿಸಿದ ಜೀಪನ್ನು, ಗಣಿಯವರು ಹರಾಜಿಗೆ ಹಾಕಿದಾಗ, ಬೇರೆ ಯಾರ ಪಾಲಿಗೂ ಹೋಗಬಾರದೆಂದು ತಾವೇ ಕೂಗಿ ಮನೆಗೆ ತಂದರು. ಆಮೇಲೆ ಅದು ನಮ್ಮ ಊರಿಗೇ ಒಂದು ಆಸರೆಯಾಗಿತ್ತಂತೆ. ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ, ಆಲೂಗಡ್ಡೆ ಬೀಜ ತಂದಿದ್ದು ಅದೇ, ಮದುವೆ ಗಂಡುಗಳನ್ನು ಮೆರೆಸಿದ್ದೂ ಅದೇ. ನನ್ನನ್ನು ಈ ಮನೆಗೆ ತುಂಬಿಸಿಕೊಂಡದ್ದೂ ಅದರಲ್ಲಿಯೇ. ಹಿಂದಿನ ಸೀಟಿನಲ್ಲಿ ಕೂತು, ಪ್ರತಿ ಗುಂಡಿಗೂ ತಲೆ ಮೇಲಿನ ಕಂಬಿಗೆ ಬಡಿದುಕೊಂಡು, ಬಾಸಿಂಗ ಸೊಟ್ಟಗೆ ಮಾಡಿಕೊಂಡೇ ನಾನು ಅತ್ತೆ ಮನೆಯ ಹೊಸಿಲು ದಾಟಿದೆ.

ಮಾವ ತೀರಿಕೊಂಡ ಮೇಲೆ ಒಂದು ದಿನ ಅದು ಸ್ಟಾರ್ಟ್ ಆಗಲಿಲ್ಲ. ನನ್ನ ಯಜಮಾನರು ಮುನಿರಾಜು ಅದನ್ನೊಮ್ಮೆ ಸುತ್ತು ಹಾಕಿ, "ನೋಡಾನ" ಅಂದರು. ಅಷ್ಟೇ. ನಮ್ಮ ಯಜಮಾನರ ಬಾಯಲ್ಲಿ 'ನೋಡಾನ' ಎಂಬ ಮಾತಿಗೆ 'ಈ ಜನ್ಮದಲ್ಲಿ ನೋಡುವುದಿಲ್ಲ' ಎಂದು ಅರ್ಥ. ಜೀಪು ಕೊಟ್ಟಿಗೆಯ ಮೂಲೆ ಸೇರಿತು. ಹಿಂದಿನ ಸೀಟು ಕೋಳಿಗಳ ಹೆರಿಗೆ ಆಸ್ಪತ್ರೆಯಾಯಿತು. ನನ್ನ ಅತ್ತೆ ನಾರಾಯಣಮ್ಮ ಅದರ ಬಾನೆಟ್ಟಿನ ಮೇಲೆ ಮೆಣಸಿನಕಾಯಿ, ಹುಣಸೆಹಣ್ಣು, ಹಪ್ಪಳ, ಹೀಗೆ ಕಾಲಕ್ಕೆ ತಕ್ಕಂತೆ ಏನಾದರೊಂದು ಒಣಗಿಸತೊಡಗಿದರು.

ಈಗ ಯಜಮಾನರಿಗೆ ಇನ್ನೊಂದು ಹಸು ತರುವ ಆಸೆ. ಕೊಟ್ಟಿಗೆಯಲ್ಲಿ ಜಾಗವಿಲ್ಲ. ಆದ್ದರಿಂದಲೇ ನನ್ನ ತೀರ್ಮಾನ.

"ಜೀಪು ಮಾರೋಣ" ಎಂದೆ, ತಿಂಡಿ ಹಾಕುತ್ತಾ.

"ನೋಡಾನ" ಅಂದರು ಯಜಮಾನರು, ಚಟ್ನಿಯನ್ನು ನೋಡುತ್ತಾ.

"ಅತ್ತೆ, ನೀವೇನಂತೀರಿ?"

ಅತ್ತೆ ಮಾತಾಡಲಿಲ್ಲ. ಮೊರ ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಬಾನೆಟ್ಟಿನ ಮೇಲಿನ ಮೆಣಸಿನಕಾಯಿಗಳನ್ನು ಒಂದೊಂದಾಗಿ ಮಗುಚತೊಡಗಿದರು. ಆ ಮೌನ ನೋಡಿ ನನ್ನ ಕರುಳು ಚುರ್ ಎಂದಿತು. ಪಾಪ, ಗಂಡನ ನೆನಪು! ಈ ಮನೆಯಲ್ಲಿ ಮನಸ್ಸುಗಳನ್ನು ಓದಬಲ್ಲವಳು ನಾನೊಬ್ಬಳೇ ಎಂದು ನನಗೆ ನನ್ನ ಮೇಲೇ ಅಭಿಮಾನ ಉಕ್ಕಿತು. ಆದರೂ ಹಸುವಿಗೆ ಜಾಗ ಬೇಕಲ್ಲ! ಮನಸ್ಸು ಗಟ್ಟಿ ಮಾಡಿಕೊಂಡು ಬಂಗಾರಪೇಟೆಯ ಗುಜರಿ ಗೋವಿಂದಪ್ಪನಿಗೆ ಫೋನ್ ಮಾಡಿದೆ.

ಗೋವಿಂದಪ್ಪ ಬಂದ. ಬಂದವನು ಜೀಪಿನ ಮುಖ ನೋಡಬೇಕೋ ಬೇಡವೋ? ಸೀದಾ ಹೋಗಿ ಟೈರಿಗೆ ಒಂದು ಒದೆ ಕೊಟ್ಟ.

"ತೂಕುಕ್ಕೆ ಆಕ್ಕೊಂಡು ಓಗ್ತೀನಿ ಟೀಚರಮ್ಮಾ. ತುಕ್ಕು ಎಷ್ಟೈತೋ ಅದುನ್ನ ಕಳೀಬೇಕು. ಸೀಟು ನಮ್ಗೆ ಬ್ಯಾಡ, ಕೋಳಿಗೇ ಇಟ್ಕೊಳ್ಳಿ."

"ತೂಕಕ್ಕಾ?"

"ಇನ್ನೇನು ಅಳತೆಗಾ? ಇದೇನು ಬಟ್ಟೆನಾ?"

ನನ್ನೊಳಗೆ ಏನೋ ಧಗ್ಗೆಂದಿತು. ಜೀಪು ಮಾರಲೆಂದು ಅವನನ್ನು ಕರೆಸಿದವಳು ನಾನೇ ಎಂಬುದು ಮರೆತೇಹೋಯಿತು. "ಏನ್ರೀ, ಈ ಜೀಪು ಏನೆಂದುಕೊಂಡಿದ್ದೀರಿ?" ಎಂದು ಶುರುಮಾಡಿದೆ. ಗಣಿಯ ದೊರೆಗಳನ್ನು ಹೊತ್ತದ್ದು, ಕೆರೆ ಕೋಡಿ ಹರಿದ ದಿನ ನೀರಿನಲ್ಲೇ ಈಜಿಕೊಂಡು ಬಂದು ಒಬ್ಬ ಬಾಣಂತಿಯನ್ನು ಉಳಿಸಿದ್ದು, ಲಾರಿಯೊಂದು ಕೆಸರಿನಲ್ಲಿ ಹೂತಾಗ ಅದನ್ನು ಎಳೆದು ಹಾಕಿದ್ದು, ಎಲ್ಲವನ್ನೂ ಪಾಠದಂತೆ ಒಪ್ಪಿಸಿದೆ. ಇದರಲ್ಲಿ ಕೆಲವು ನಿಜ. ಉಳಿದವು ಆ ಕ್ಷಣಕ್ಕೆ ಹೊಳೆದವು. ಗೋವಿಂದಪ್ಪ ಬಾಯಿ ತೆರೆದುಕೊಂಡು ಕೇಳಿದ. ಕೊನೆಗೆ ಚಪ್ಪಲಿ ಬಿಟ್ಟು ಜೀಪಿಗೆ ಕೈಮುಗಿದು, "ಇಂಥದ್ನ ಒಡೆಯಕ್ಕೆ ನನ್ಗೆ ಕೈ ಬರಾಕಿಲ್ಲಮ್ಮಾ" ಎಂದು ತನ್ನ ಗಾಡಿ ಹತ್ತಿ ಹೊರಟುಹೋದ.

ಹೀಗೆ ಮೊದಲನೆಯ ಗಿರಾಕಿಯನ್ನು ನಾನೇ ಭಕ್ತನನ್ನಾಗಿ ಮಾಡಿ ಕಳಿಸಿದೆ!

ಯಜಮಾನರು ಹಾಲು ಕರೆಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಮಾರಾಕ್ ಕರ್ಸಿದ್ದಾ, ಅರಿಕತೆ ಮಾಡಾಕ್ ಕರ್ಸಿದ್ದಾ?" ಎಂದು ಹಸುವಿನ ಹೊಟ್ಟೆಯ ಆಚೆಯಿಂದ ಕೇಳಿದರು.

ನಾನು ಸೋಲುವವಳಲ್ಲ. ತೀರ್ಮಾನವನ್ನು ಸ್ವಲ್ಪ ತಿದ್ದಿದೆ, ಅಷ್ಟೇ. ಮಾರುವುದು ಹೌದು, ಆದರೆ ಬೆಲೆ ಬಲ್ಲವರಿಗೆ ಮಾರುವುದು. ಶಾಲೆಯ ಡ್ರಾಯಿಂಗ್ ಮೇಷ್ಟರು ಮೊಬೈಲಿನಲ್ಲಿ ಜೀಪಿನ ಫೋಟೋ ತೆಗೆದು, ಹಳೇ ವಾಹನಗಳನ್ನು ಪ್ರೀತಿಸುವವರ ಯಾವುದೋ ಗುಂಪಿಗೆ ಹಾಕಿದರು. ಅಷ್ಟರಲ್ಲೇ ಬೆಂಗಳೂರಿನಿಂದ ಶ್ರೀಕಾಂತ್ ಎಂಬವರು ಫೋನ್ ಮಾಡಿದರು. "ಮೇಡಂ, ದಯವಿಟ್ಟು ಬೇರೆ ಯಾರಿಗೂ ತೋರಿಸಬೇಡಿ. ಭಾನುವಾರ ನಾನೇ ಬರ್ತೀನಿ. ಅದು ಹೇಗಿದೆಯೋ ಹಾಗೇ ಇರಲಿ."

ಹೇಗಿದೆಯೋ ಹಾಗೆ! ಪಾಪ, ಸಂಕೋಚದ ಮನುಷ್ಯ. ಹೆಣ್ಣು ನೋಡಲು ಬರುವವರೂ ಹೀಗೇ ಅನ್ನುತ್ತಾರೆ, "ನೀವೇನೂ ಮಾಡಬೇಡಿ, ಒಂದು ಕಾಫಿ ಸಾಕು" ಎಂದು. ಹಾಗಂತ ಉಪ್ಪಿಟ್ಟು, ಕೇಸರಿಬಾತು ಮಾಡದೆ ಯಾರಾದರೂ ಬಿಡುತ್ತಾರೆಯೇ? ಹುಡುಗಿಗೆ ಹಳೇ ಸೀರೆ ಉಡಿಸಿ ಕೂರಿಸುತ್ತಾರೆಯೇ?

ಶನಿವಾರ ಮಧ್ಯಾಹ್ನದಿಂದ ಜೀಪಿಗೆ ಮಂಗಳಸ್ನಾನ ಶುರುವಾಯಿತು. ಮೊದಲು ಕೋಳಿಗಳನ್ನು ಖಾಲಿ ಮಾಡಿಸಿದೆ. ಆಮೇಲೆ ಸೀಗೆಪುಡಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಇಡೀ ಮೈ ಉಜ್ಜಿದೆ. ಧೂಳಿನ ಕೆಳಗೆ ಬಣ್ಣ ಕಾಣಿಸಿತು; ಇನ್ನಷ್ಟು ಉಜ್ಜಿದೆ, ಬಣ್ಣದ ಕೆಳಗೆ ತಗಡು ಕಾಣಿಸಿತು. ಪಕ್ಕದ ತಗಡಿನ ಮೇಲೆ ಗಣಿಯ ಕಾಲದ ಬಿಳಿ ಅಕ್ಷರಗಳು, ಯಾವುದೋ ನಂಬರು, ಅರ್ಧ ಅಳಿಸಿ ಅಸಹ್ಯವಾಗಿದ್ದವು. ಮನೆಯ ಗೇಟಿಗೆ ಬಳಿದು ಉಳಿದ ಗಿಳಿಹಸಿರು ಬಣ್ಣ ಅಟ್ಟದ ಮೇಲಿತ್ತು. ಡಬ್ಬಿ ಇಳಿಸಿದೆ.

ಯಜಮಾನರು ಓಡಿ ಬಂದರು. "ಏ ಸರೋಜಾ, ಬ್ಯಾಡ ಕಣೇ. ಅಂಗೇ ಇರ್ಲಿ ಅಂತ ಅವ್ರು ಯೋಳಿಲ್ವಾ?"

"ಮರ್ಯಾದೆಗೆ ಹೇಳಿದ್ದು ರೀ ಅದು!"

ಬಳಿದೆ. ಚಕ್ರದ ಮಧ್ಯಕ್ಕೂ ಬಳಿದೆ. ಕನ್ನಡಿಯ ಅಂಚಿಗೂ ಬಳಿದೆ. ಸಂಜೆಯ ಬಿಸಿಲಿನಲ್ಲಿ ಜೀಪು ಒಂದು ದೊಡ್ಡ ಗಿಳಿಯ ಹಾಗೆ ಕೂತಿತ್ತು. ಹಣೆಗೆ ಕುಂಕುಮ ಇಟ್ಟು, ದೃಷ್ಟಿಯಾಗದಿರಲೆಂದು ಒಂದು ನಿಂಬೆಹಣ್ಣು ಕಟ್ಟಿದೆ.

ಭಾನುವಾರ ಶ್ರೀಕಾಂತ್ ಬಂದರು. ಕೊರಳಿಗೊಂದು ಕ್ಯಾಮೆರಾ, ಕೈಯಲ್ಲೊಂದು ಟಾರ್ಚು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಆ ಕಡೆ ಈ ಕಡೆ ಇಣುಕಿದರು.

"ಮೇಡಂ, ಫೋಟೋದಲ್ಲಿದ್ದ ಗಾಡಿ ಎಲ್ಲಿ?"

"ಇದೇ!" ಎಂದೆ, ಹೆಮ್ಮೆಯಿಂದ.

ಅವರು ಹತ್ತಿರ ಹೋದರು. ಬೆರಳಿನಿಂದ ಮುಟ್ಟಿದರು. ಬೆರಳು ಹಸಿರಾಯಿತು. "ಆ ಅಕ್ಷರಗಳು?" ಎಂದರು, ಸಣ್ಣ ದನಿಯಲ್ಲಿ.

"ಉಜ್ಜಿಬಿಟ್ಟೆ."

"ಹಳೇ ಬಣ್ಣ?"

"ಅದನ್ನೂ!"

ಶ್ರೀಕಾಂತ್ ಹುಲ್ಲಿನ ಕಂತೆಯ ಮೇಲೆ ಕುಸಿದು ಕೂತರು. ಆಮೇಲೆ ನನಗೆ ತಿಳಿದದ್ದು ಇಷ್ಟು. ಅವರಿಗೆ ಬೇಕಿದ್ದುದೇ ಆ ಧೂಳು, ಆ ಮಾಸಿದ ಬಣ್ಣ, ಗಣಿಯ ಆ ಅರ್ಧ ಅಳಿಸಿದ ಅಕ್ಷರಗಳು. ಓಡದಿದ್ದರೂ ಪರವಾಗಿಲ್ಲ, ಮುಟ್ಟದೆ ಇಟ್ಟ ಗಾಡಿಯನ್ನು ಹಾಗೇ ಎತ್ತಿಕೊಂಡು ಹೋಗಿ ಪೂಜೆ ಮಾಡುವ ಜಾತಿಯ ಮನುಷ್ಯ ಅವರು. "ಕೋಳಿ ಹಿಕ್ಕೆ ಕೂಡ ಹಾಗೇ ಇದ್ದಿದ್ದರೆ ಚೆನ್ನಾಗಿತ್ತು ಮೇಡಂ" ಎಂದು ನಿಟ್ಟುಸಿರು ಬಿಟ್ಟರು. ಜಗತ್ತಿನಲ್ಲಿ ಕೋಳಿ ಹಿಕ್ಕೆಗೂ ಅಭಿಮಾನಿಗಳಿರುತ್ತಾರೆಂದು ನನಗಾದರೂ ಹೇಗೆ ಗೊತ್ತಾಗಬೇಕು?

ಆದರೆ ಆ ಮನುಷ್ಯನನ್ನು ಮೆಚ್ಚಬೇಕು. ಅಷ್ಟು ದುಃಖದಲ್ಲೂ ನಮ್ಮ ಮನೆಯ ಮುದ್ದೆ, ಉಪ್ಸಾರು ಉಂಡರು. ಹೊರಡುವಾಗ ಜೀಪಿನ ಮುಂದೆ ನಿಂತು, "ಇದಕ್ಕೆ ಇಂಥ ಬಣ್ಣ ಬಳಿದರೂ ಗತ್ತು ಹೋಗಿಲ್ಲ ನೋಡಿ. ಇದನ್ನು ಒಡೆಯೋರಿಗೆ ಮಾತ್ರ ಕೊಡಬೇಡಿ. ಇನ್ನು ಓಡಿಸಿಯೇ ಬಿಡಿ" ಎಂದು ಹೇಳಿಹೋದರು.

ಓಡಿಸಿಯೇ ಬಿಡಿ! ಆ ಮಾತು ನನ್ನ ತಲೆಯೊಳಗೆ ಗುಂಗಿಹುಳದಂತೆ ಹೊಕ್ಕಿತು. ಹಸು, ಕೊಟ್ಟಿಗೆ, ಜಾಗ ಎಲ್ಲವೂ ಹಿಂದಕ್ಕೆ ಸರಿದವು. ಮೊರ ಹಿಡಿದ ಅತ್ತೆಯ ಮೌನ ಮುಖ ಕಣ್ಣೆದುರು ಬಂತು. ಎಂಥ ಪಾಪ ಮಾಡಲು ಹೊರಟಿದ್ದೆ! ಒಬ್ಬ ಹಿರಿಯ ಜೀವದ ಏಕೈಕ ನೆನಪನ್ನು ತೂಕಕ್ಕೆ ಹಾಕಲು ಹೊರಟಿದ್ದೆನಲ್ಲ! ತೀರ್ಮಾನವನ್ನು ಮತ್ತೊಮ್ಮೆ ತಿದ್ದಿದೆ. ರಿಪೇರಿ ಮಾಡಿಸುವುದು! ಅತ್ತೆಗಾಗಿ!

ಆಂಡರ್ಸನ್‌ಪೇಟೆಯಲ್ಲಿ ಸೆಲ್ವರಾಜ್ ಎಂಬ ಮೆಕ್ಯಾನಿಕ್ ಇದ್ದಾನೆ. ತನ್ನ ಕೈಗುಣದ ಬಗ್ಗೆ ಅವನಿಗೆ ಯಾವ ಅನುಮಾನವೂ ಇಲ್ಲ. "ನಾನ್ ಕೈ ಇಟ್ರೆ ಸತ್ತ ಎಂಜಿನ್ ಎದ್ದು ಕೂತ್ಕೊಂಡು ಟೀ ಕೇಳುತ್ತೆ ಮೇಡಂ" ಎಂದು ಮೊದಲ ದಿನವೇ ಹೇಳಿದ. ಬಾನೆಟ್ ಎತ್ತಿದ. ಒಳಗಿನಿಂದ ಒಂದು ಮುಂಗುಸಿ ಹಾರಿ ಹೋಯಿತು. ಸೆಲ್ವರಾಜ್ ಎರಡು ಹೆಜ್ಜೆ ಹಿಂದೆ ಹಾರಿದ. ಆಮೇಲೆ ಮುಂದೆ ಬಂದು ಬಗ್ಗಿ ನೋಡಿದವನು ಹಾಗೇ ನಿಂತುಬಿಟ್ಟ.

"ಅಯ್ಯಯ್ಯೋ! ಏನ್ ವಂಡಿ, ಏನ್ ಗಾಡಿ ಮೇಡಂ ಇದು! ರಾಜಾ! ಮುಟ್ಟಿ ನೋಡಿ, ಏನು ಕಬ್ಬಿಣ! ಈಗಿನ ಕಾರೆಲ್ಲಾ ಇದ್ರ ಮುಂದೆ ತಿಂಡಿ ಡಬ್ಬಿ."

ಅಂದಿನಿಂದ ಅವನು ರಜೆ ಸಿಕ್ಕಾಗಲೆಲ್ಲ ಬಂದ. ಜೀಪಿನ ಅಂಗಾಂಗಗಳು ಒಂದೊಂದಾಗಿ ನನ್ನ ಅಡುಗೆಮನೆಗೆ ಬಂದವು. ನಾನು ಸಹಾಯಕಿ. ದೋಸೆ ತಟ್ಟೆಯಲ್ಲಿ ನಟ್ಟುಗಳು, ಒಗ್ಗರಣೆ ಡಬ್ಬಿಯಲ್ಲಿ ವಾಷರುಗಳು. ಕಾರ್ಬ್ಯುರೇಟರ್ ಎಂಬ ಭಾಗವನ್ನು ಬಿಸಿನೀರಿನಲ್ಲಿ ಕುದಿಸಿದರೆ ಕೊಳೆ ಬಿಡುತ್ತದೆ ಅಂದ. ಇಡ್ಲಿ ಪಾತ್ರೆಯಲ್ಲಿ ಕುದಿಸಿದೆ. ಮುಂದಿನ ಇಡ್ಲಿಗಳನ್ನು ಯಜಮಾನರು ಒಂದು ತುತ್ತು ತಿಂದು, "ಸೀಮೆಎಣ್ಣೆ ಇಡ್ಲಿ ಸಂದಾಗೈತೆ" ಎಂದು ಎದ್ದು ಹೋದರು. ಬಾನೆಟ್ಟನ್ನು ಕಳಚಿ ಅಂಗಳದಲ್ಲಿಟ್ಟೆವು. ತಿರುಗಿ ನೋಡುವಷ್ಟರಲ್ಲಿ ಅತ್ತೆ ಅದರ ಮೇಲೆ ಮೆಣಸಿನಕಾಯಿ ಹರಡಿಯಾಗಿತ್ತು. ನನ್ನ ಕಣ್ಣು ತುಂಬಿ ಬಂತು. ಎಂಥ ಅನುಬಂಧ!

ಕೊನೆಗೆ ಎಬ್ಬಿಸುವ ದಿನ ಬಂತು. ಪೆಟ್ರೋಲ್ ಟ್ಯಾಂಕು ತೂತುಬಿದ್ದಿತ್ತು. ಆದ್ದರಿಂದ ಸೆಲ್ವರಾಜ್ ಒಂದು ಬಾಟಲಿಗೆ ಪೆಟ್ರೋಲ್ ತುಂಬಿ, ಗಾಜಿನ ಚೌಕಟ್ಟಿಗೆ ತಲೆಕೆಳಗಾಗಿ ಕಟ್ಟಿ, ನಳಿಕೆಯನ್ನು ಎಂಜಿನ್ನಿಗೆ ಸಿಕ್ಕಿಸಿದ. ಥೇಟು ಆಸ್ಪತ್ರೆಯ ಗ್ಲೂಕೋಸ್! ಬ್ಯಾಟರಿಗೆ ಎಂಜಿನ್ ತಿರುಗಿಸುವ ಶಕ್ತಿಯಿರಲಿಲ್ಲ. ಎಳೆದೇ ಸ್ಟಾರ್ಟ್ ಮಾಡಬೇಕು. ಪಕ್ಕದ ಮನೆಯ ಸುಬ್ಬಾರೆಡ್ಡಿ ತನ್ನ ಟ್ರ್ಯಾಕ್ಟರ್ ತಂದ. ಅವನು ಆಂಧ್ರದ ಗಡಿಯಿಂದ ಬಂದು ನೆಲೆಸಿದವನು. ಸಮಾಧಾನದಲ್ಲಿದ್ದಾಗ ಕನ್ನಡ, ಗಾಬರಿಯಾದರೆ ತೆಲುಗು. ಸೆಲ್ವರಾಜನೂ ಹಾಗೆಯೇ, ಗಾಬರಿಯಾದರೆ ತಮಿಳು.

"ಸ್ಟೇರಿಂಗ್‌ಗೆ ನಾನ್ ಕುಂತ್ಕೊಂತೀನಿ" ಅಂದರು ಯಜಮಾನರು.

"ಬೇಡ" ಎಂದೆ. ಇಷ್ಟು ದಿನ ದುಡಿದವಳು ನಾನು. ಕೀರ್ತಿಯ ಹೊತ್ತಿನಲ್ಲಿ ಸೀಟು ಬಿಟ್ಟುಕೊಡಲು ನನಗೇನು ಹುಚ್ಚೇ? ಸ್ಕೂಟರ್ ಓಡಿಸಿ ಅನುಭವವಿತ್ತು. ಎರಡು ಚಕ್ರ ನಿಭಾಯಿಸಿದವಳಿಗೆ ನಾಲ್ಕು ಚಕ್ರ ಇನ್ನೂ ಸುಲಭ, ಬೀಳುವ ಭಯವೇ ಇಲ್ಲ. ಇದು ನನ್ನ ಗಣಿತ.

ಸೆಲ್ವರಾಜ್ ಪಾಠ ಹೇಳಿದ. "ಕ್ಲಚ್ ತುಳಿದು ಹಿಡ್ಕೊಳ್ಳಿ. ಟ್ರ್ಯಾಕ್ಟರ್ ಎಳೀವಾಗ ನಾನ್ ಹೇಳ್ತೀನಿ, ಆಗ ಕ್ಲಚ್ ಬಿಡಿ. ಅಷ್ಟೇ."

"ಬ್ರೇಕು?"

"ಬ್ರೇಕ್ ಮುಂದಿನ ವಾರ ಮೇಡಂ."

ಹಗ್ಗ ಬಿಗಿಯಿತು. ಟ್ರ್ಯಾಕ್ಟರ್ ಹೊರಟಿತು. ಜೀಪು ನರಳಿತು, ಅಲುಗಿತು, ಉರುಳಿತು! ಇಷ್ಟು ವರ್ಷ ಮಲಗಿದ್ದ ಚಕ್ರಗಳು ಉರುಳಿದವು! ನಾನು ಸಂಭ್ರಮದಿಂದ ಅಂಗಳದಲ್ಲಿದ್ದ ಅತ್ತೆಯ ಕಡೆ ಕೈಬೀಸಿದೆ. ಅಷ್ಟರಲ್ಲಿ ಪಕ್ಕದಲ್ಲಿ ಓಡಿಬರುತ್ತಿದ್ದ ಸೆಲ್ವರಾಜ್ ಗಾಬರಿಯಿಂದ "ವಿಡುಮ್ಮಾ, ವಿಡು!" ಎಂದು ಕೂಗಿದ, ಅಂದರೆ ಕ್ಲಚ್ ಬಿಡು ಎಂದು. ಮುಂದೆ ಟ್ರ್ಯಾಕ್ಟರಿನ ಮೇಲಿಂದ ಸುಬ್ಬಾರೆಡ್ಡಿ ತಿರುಗಿ ನೋಡಿ "ಪಟ್ಟುಕೋಮ್ಮಾ, ಪಟ್ಟುಕೋ!" ಎಂದು ಅರಚಿದ, ಸ್ಟೇರಿಂಗ್ ಹಿಡಿದುಕೋ ಎಂದು. ಹಿಂದಿನಿಂದ ಯಜಮಾನರು "ಬುಡಬ್ಯಾಡ, ಬುಡಬ್ಯಾಡ!" ಎಂದು ಬೊಬ್ಬೆ ಹೊಡೆದರು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು, ಮೂರು ಭಾಷೆಗಳೂ ನನಗೆ ಬರುತ್ತವೆ. ಮೂರನ್ನೂ ಪಾಲಿಸಿದೆ. ಕ್ಲಚ್ ಗಟ್ಟಿಯಾಗಿ ಹಿಡಿದುಕೊಂಡು ಸ್ಟೇರಿಂಗ್ ಬಿಟ್ಟೆ!

ಜೀಪು ಚರಂಡಿಯತ್ತ ಹೊರಳಿತು. "ಉಲ್ಟಾ! ಉಲ್ಟಾ!" ಎಂದು ಮೂವರೂ ಒಂದೇ ಭಾಷೆಯಲ್ಲಿ ಕೂಗಿದರು. ತಕ್ಷಣ ಸ್ಟೇರಿಂಗ್ ಹಿಡಿದು ಕ್ಲಚ್ ಬಿಟ್ಟೆ.

ಅಬ್ಬಾ! ಆ ಶಬ್ದವನ್ನು ಹೇಗೆ ಹೇಳಲಿ? ಮೊದಲು ಒಂದು ಕೆಮ್ಮು. ಆಮೇಲೆ ಬೆಟ್ಟದೊಳಗಿಂದ ಬಂದ ಹಾಗೆ ಒಂದು ಗುಡುಗು. ಬಾನೆಟ್ ಇಲ್ಲದ್ದರಿಂದ ಇಡೀ ಎಂಜಿನ್ ನನ್ನ ಕಣ್ಣೆದುರೇ ಕುಣಿಯಿತು. ಸ್ಟಾರ್ಟ್ ಆದದ್ದು ಆಫ್ ಆಗದಿರಲೆಂದು ಸೆಲ್ವರಾಜ್ ಆಕ್ಸಿಲರೇಟರನ್ನು ತಂತಿಯಿಂದ ಬಿಗಿದು ಕಟ್ಟಿದ್ದ. ಜೀಪು ಟ್ರ್ಯಾಕ್ಟರನ್ನು ಮುಟ್ಟುವಷ್ಟು ಹತ್ತಿರ ಬಂತು. ಸುಬ್ಬಾರೆಡ್ಡಿ ಸತ್ತೆನೆಂದುಕೊಂಡು ಟ್ರ್ಯಾಕ್ಟರನ್ನು ಹೊಲಕ್ಕೆ ಇಳಿಸಿದ. ಆನೆ ಎಳೆದರೂ ಬಿಚ್ಚದು ಎಂದು ಸೆಲ್ವರಾಜ್ ಹಾಕಿದ್ದ ಗಂಟು ತಾನಾಗಿ ಬಿಚ್ಚಿಕೊಂಡಿತು. ನಾನು, ಜೀಪು, ಗ್ಲೂಕೋಸ್ ಬಾಟಲಿ, ಮೂವರೂ ಊರೊಳಗೆ ಪ್ರವೇಶಿಸಿದೆವು.

ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು. ಜನ ಕ್ಯಾನ್ ಹಿಡಿದು ಸಾಲಾಗಿ ನಿಂತಿದ್ದರು. "ಸರೀರಿ! ಸರೀರಿ!" ಎಂದು ನಾನು ಒಂದು ಕೈ ಎತ್ತಿ ಜೋರಾಗಿ ಬೀಸಿದೆ. ಎಂಜಿನ್ನಿನ ಆರ್ಭಟದಲ್ಲಿ ಯಾರಿಗೆ ಕೇಳಿಸಬೇಕು? ಅವರೂ ನಗುತ್ತಾ ಕೈಬೀಸಿದರು! "ನೋಡ್ರಲಾ, ಟೀಚರಮ್ಮ ಮುನಿಸಾಮಣ್ಣನ ಜೀಪ್ ಓಡುಸ್ತಾವ್ರೆ!" ಎಂದು ಯಾರೋ ಶಿಳ್ಳೆ ಹೊಡೆದರು. ಜೀಪು ತನ್ನ ಪುಣ್ಯದಿಂದಲೇ ಸಾಲನ್ನು ಬಳಸಿಕೊಂಡು ಹೋಯಿತು. ಒಬ್ಬರ ಹಾಲೂ ತುಳುಕಲಿಲ್ಲ. ಅಲ್ಲಿಂದ ಮುಂದೆ ದಾರಿ ಎಡಕ್ಕೆ ತಿರುಗುತ್ತದೆ. ನಾವು ತಿರುಗಲಿಲ್ಲ. ನೇರ ಎದುರಿಗಿದ್ದದ್ದು ಸುಬ್ಬಾರೆಡ್ಡಿಯ ತಿಪ್ಪೆ.

ಒಳ್ಳೆಯ ತಿಪ್ಪೆ. ಹದವಾಗಿ ಕಳಿತದ್ದು. ಜೀಪು ಅದರೊಳಗೆ ದೀಪಗಳವರೆಗೂ ಮುಳುಗಿ, ಮೆತ್ತಗೆ ನಿಂತಿತು. ನನ್ನ ಕನ್ನಡಕದ ತುಂಬ ಸಗಣಿ. ಆದರೆ ಎಂಜಿನ್? ನಿಲ್ಲಲೇ ಇಲ್ಲ! ಚಕ್ರಗಳು ತಿಪ್ಪೆಯನ್ನು ಹಿಂದಕ್ಕೆ ಎರಚುತ್ತಾ ಇದ್ದವು. ನನ್ನನ್ನು ಉಳಿಸಲು ಓಡಿ ಬಂದ ಜನ ಅದೇ ವೇಗದಲ್ಲಿ ಹಿಂದಕ್ಕೆ ಓಡಿದರು.

ಏದುಸಿರು ಬಿಡುತ್ತಾ ಬಂದ ಸೆಲ್ವರಾಜ್ ಕೈ ಚಾಚಿ ಗೇರನ್ನು ಬಿಡಿಸಿದ. ಚಕ್ರಗಳು ನಿಂತವು. ಎಂಜಿನ್ ಮಾತ್ರ ಗುಡುಗುತ್ತಲೇ ಇತ್ತು. ಅವನು ನಳಿಕೆ ಕಿತ್ತಿದ್ದರೆ ಅದೂ ನಿಲ್ಲುತ್ತಿತ್ತು. ಕೀಳಲಿಲ್ಲ. ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ಸಂಗೀತ ಕಛೇರಿಯಲ್ಲಿ ಕೂತವನ ಹಾಗೆ ತಲೆಯಾಡಿಸಿದ.

"ನಿಲ್ಸಪ್ಪಾ!" ಎಂದು ಚೀರಿದೆ.

"ಒಂದ್ ನಿಮಿಷ ಮೇಡಂ. ಕೇಳಿ. ಎಷ್ಟ್ ಚೆನ್ನಾಗ್ ಉಸಿರಾಡ್ತೈತೆ!"

ಯಜಮಾನರೂ ಬಂದರು. ನನ್ನನ್ನು ಎತ್ತುತ್ತಾರೆಂದು ನಾನು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟರು. "ಅಪ್ಪ ಸಂಜೆ ಮನೆಗ್ ಬರಾವಾಗ ಕೆರೆ ಏರಿ ಮೇಲಿಂದ್ಲೇ ಇದು ಕೇಳುಸ್ತಿತ್ತು. ಅಮ್ಮ ಇದು ಕೇಳುಸ್ದ ಮ್ಯಾಕೆ ಮುದ್ದೆಗೆ ಎಸರು ಇಡ್ತಿದ್ಲು" ಅಂದರು. ಅಷ್ಟು ಉದ್ದದ ಮಾತನ್ನು ನಮ್ಮ ಯಜಮಾನರು ಆಡಿದ್ದನ್ನು ನಾನು ಕೇಳಿರಲೇ ಇಲ್ಲ. ನಾನೂ ಚಾಚಿದ ಕೈಯನ್ನು ಹಿಂದಕ್ಕೆಳೆದು ಸ್ಟೇರಿಂಗ್ ಮೇಲಿಟ್ಟೆ. ಇಡೀ ಊರು ತಿಪ್ಪೆಯ ಸುತ್ತ ನಿಂತು, ಬಾಟಲಿಯ ಕೊನೆಯ ಹನಿ ಮುಗಿಯುವವರೆಗೂ ಕೇಳಿತು. ಆಮೇಲೆ ಜೀಪು ಒಂದು ಸಲ ಮೈ ಕೊಡವಿ, ತಣ್ಣಗಾಯಿತು.

ಆಗ ಅತ್ತೆ ನಿಧಾನವಾಗಿ ನಡೆದುಕೊಂಡು ಬಂದರು. ನಾನು ಸಗಣಿ ಒರೆಸಿಕೊಂಡು ಹೇಳಿದೆ: "ಅತ್ತೆ, ಇದನ್ನ ಇನ್ನು ಮಾರಲ್ಲ. ನಿಮಗಾಗಿ ಇಟ್ಟುಕೊಳ್ತೀವಿ. ನಿಮ್ಮ ಮನಸ್ಸು ನನಗೆ ಗೊತ್ತು!"

"ನನ್ಗಾ?" ಅಂದರು ಅತ್ತೆ. "ನನ್ಗ್ಯಾಕಮ್ಮಾ ಇದು? ಇದ್ರಾಗ್ ಕುಂತ್ರೆ ವಾಂತಿ ಬತ್ತಿತ್ತು ನನ್ಗೆ. ಆವಯ್ಯ ಬದ್ಕಿರಾಗಂಟ ನಾನು ಬಂಗಾರ್‌ಪೇಟೆಗೆ ನಡ್ಕೊಂಡೇ ಓಗಿದ್ದು."

"ಮತ್ತೆ... ಮಾರೋಣ ಅಂದಾಗ ಸುಮ್ಮನಿದ್ರಿ?"

"ನನ್ ಮಗುಂಗೆ ಬೇಜಾರಾಯ್ತದೇನೋ ಅಂತ ಸುಮ್ಕಿದ್ದೆ. ಅಪ್ಪಂದಲ್ವಾ."

ಯಜಮಾನರು ಬಾಯಿ ಬಿಟ್ಟರು. "ನಿನ್ಗೆ ಬೇಜಾರಾಯ್ತದೆ ಅಂತ ನಾನ್ ಸುಮ್ಕಿದ್ನಲ್ಲಮ್ಮಾ! ಇಲ್ದಿದ್ರೆ ಯಾವಾಗ್ಲೋ ಮಾರ್ಬುಡ್ತಿದ್ದೆ!"

"ಮಾರ್ಬುಡಲಾ ಅಂಗಾರೆ! ಬಾನೆಟ್ ಒಂದ್ ಬುಟ್ಬುಡು, ಮೆಣಸಿನ್ಕಾಯಿಗೆ."

ತಾಯಿ ಮಗ ಇಬ್ಬರೂ ಹಗುರಾಗಿ ನಕ್ಕರು. ಸೆಲ್ವರಾಜ್ ನಕ್ಕ. ಇಡೀ ಊರು ನಕ್ಕಿತು. ನಗದೆ ನಿಂತವಳು ನಾನೊಬ್ಬಳೇ. ಒಂದು ಕೈಯಲ್ಲಿ ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. "ಯಾರೂ ಮಾರಂಗಿಲ್ಲ!" ಎಂದು ಕೂಗಿದ್ದು ನನ್ನದೇ ದನಿಯೆಂದು ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆ ಜೀಪು ಬೇಕಾಗಿದ್ದದ್ದು ಆ ಮನೆಯಲ್ಲಿ ಒಬ್ಬಳಿಗೇ. ಅದನ್ನು ಮಾರಲು ಹೊರಟವಳಿಗೆ!

ಯಜಮಾನರು ನನ್ನ ಮುಖ ನೋಡಿದರು. "ಸರಿ ಬುಡು. ನೀನೇ ಓಡ್ಸು" ಅಂದರು. ಹಸು ಕೊಟ್ಟಿಗೆಗೆ ಬಂತು, ಜೀಪು ಅಂಗಳಕ್ಕೆ ಬಂತು, ಅತ್ತೆಗೆ ಮೆಣಸಿನಕಾಯಿ ಒಣಗಿಸಲು ಒಂದು ಹಳೇ ತಗಡು ಬಂತು. ಸೆಲ್ವರಾಜ್ ಮಾತಿಗೆ ತಪ್ಪದೆ ಬ್ರೇಕು ಹಾಕಿದ, ಟ್ಯಾಂಕಿಗೆ ಬೆಸುಗೆ ಹಾಕಿದ. ಒಣಗಿದ ಕೆರೆಯಂಗಳದಲ್ಲಿ ಯಜಮಾನರು ನನಗೆ ಓಡಿಸುವುದನ್ನು ಕಲಿಸಿದರು. ಅವರ ತಾಳ್ಮೆಯನ್ನು ನಾನು ಮೆಚ್ಚಿದ್ದೇ ಆಗ. ಕೆರೆಯಲ್ಲಿದ್ದ ಒಂದೇ ಒಂದು ಜಾಲಿ ಮರಕ್ಕೆ ನಾನು ಪ್ರತಿದಿನ ಗುದ್ದಿದರೂ ಅವರು ಬೈಯಲಿಲ್ಲ. ಕಡೆಗೆ ಮರವನ್ನೇ ಕಡಿಸಿಹಾಕಿದರು. ಅಂತೂ ಲೈಸೆನ್ಸ್ ಬಂತು.

ದಿನವೂ ಮಾರಿಕುಪ್ಪಂ ಪ್ಯಾಸೆಂಜರ್ ರೈಲಿನಲ್ಲಿ ನೂಕಿಸಿಕೊಂಡು ಹೋಗುತ್ತಿದ್ದ ನಾನು, ಒಂದು ಸೋಮವಾರ ಜೀಪಿನಲ್ಲಿ ಶಾಲೆಗೆ ಹೊರಟೆ. ಇಸ್ತ್ರಿ ಮಾಡಿದ ಸೀರೆ, ಕಪ್ಪು ಕನ್ನಡಕ. ಗಿಳಿಹಸಿರು ಜೀಪು ಏರು ರಸ್ತೆಯನ್ನು ಗುಡುಗುತ್ತಾ ಹತ್ತುವಾಗ, ದಾರಿಯ ಎರಡೂ ಬದಿಯ ಜನ ತಿರುಗಿ ನೋಡಿದರು. ಕತ್ತು ತಾನಾಗಿಯೇ ಮೇಲೆದ್ದಿತು. ಉರಿಗಾಂ ಹತ್ತಿರ, ಗಣಿ ಕಾರ್ಮಿಕರ ಹಳೇ ಮನೆಸಾಲಿನ ಮುಂದೆ, ಒಬ್ಬ ಮುದುಕ ಜಗಲಿಯ ಮೇಲೆ ಕೂತು ಬಿಸಿಲಿಗೆ ಮೈ ಕಾಯಿಸುತ್ತಿದ್ದ. ಜೀಪಿನ ಗುಡುಗು ಕೇಳಿದ್ದೇ ಕೋಲು ಊರಿಕೊಂಡು ಎದ್ದುನಿಂತ. ಬೆನ್ನು ನೆಟ್ಟಗೆ ಮಾಡಿದ. ಹಣೆಗೆ ಕೈಯಿಟ್ಟು ಖಡಕ್ಕಾಗಿ ಒಂದು ಸಲಾಂ ಹೊಡೆದ!

ಶಿಕ್ಷಕ ವೃತ್ತಿಗೆ ಸಮಾಜದಲ್ಲಿ ಗೌರವ ಕಡಿಮೆಯಾಗಿದೆ ಎಂದು ಯಾರು ಹೇಳುತ್ತಾರೆ? ನಾನು ಜೀಪು ನಿಲ್ಲಿಸಿ, ಘನತೆಯಿಂದ ತಲೆಬಾಗಿಸಿ, ಕೈಯೆತ್ತಿ ಆಶೀರ್ವಾದದಂಥದ್ದೇನೋ ಮಾಡಿದೆ.

ಮುದುಕ ಕುಂಟುತ್ತಾ ಹತ್ತಿರ ಬಂದ. ನನ್ನ ಕಡೆ ನೋಡಲಿಲ್ಲ. ಮುಂದಿನ ಬಂಪರಿನ ಸೊಟ್ಟ ಮೂಲೆಯನ್ನು ಸವರಿದ. "ಇದು ಗಣಿ ಡ್ಯೂಟಿಲಿ ನಾನೇ ಗೋಡೆಗ್ ಗುದ್ದಿ ಮಾಡಿದ್ದು. ಮುನಿಸಾಮಿ ಒಂದು ವಾರ ಮಾತಾಡ್ಲಿಲ್ಲ ನನ್ ಜೊತೆ" ಎಂದು ಬೊಚ್ಚುಬಾಯಲ್ಲಿ ನಕ್ಕ. ಆಮೇಲೆ ನನ್ನ ಎತ್ತಿದ ಕೈ ಅವನ ಕಣ್ಣಿಗೆ ಬಿತ್ತು.

"ಸಲಾಂ ನಿನ್ಗಲ್ಲಮ್ಮಾ, ವಂಡಿಗೆ" ಅಂದ. "ಅಷ್ಟ್ ಜೋರಾಗಿ ಬ್ರೇಕ್ ಯಾಕ್ ತುಳಿದಿದ್ದೀಯಾ? ಕಾಲು ತೆಗಿ. ಪಾವಂ, ಅದುಕ್ಕೂ ನೋವಾಗಲ್ವಾ?"

ಹಿರಿಯರ ಮಾತು. ಕಾಲು ತೆಗೆದೆ. ಏರು ರಸ್ತೆ, ಜೀಪು ನನ್ನನ್ನು ಕೂರಿಸಿಕೊಂಡು ನಿಧಾನವಾಗಿ, ರಾಜಗಾಂಭೀರ್ಯದಿಂದ, ಹಿಂದಕ್ಕೆ ಹೊರಟಿತು. ಮುದುಕ ಮತ್ತೆ ನೆಟ್ಟಗೆ ನಿಂತು ಇನ್ನೊಂದು ಸಲಾಂ ಹೊಡೆದ.

ಅದೂ ನನಗಲ್ಲ.